ಸ್ಕ್ಯಾನ್ ರಿಪೋರ್ಟಿಗೂ ಸಿಪಿ ಎಂಬ ಹೆಸರಿಗೂ ನಡುವಿನ ತಿಂಗಳುಗಳು

ಅವಧಿಗೆ ತುಂಬಾ ಮುಂಚೆ ಹುಟ್ಟಿದ ಮಗುವಿನ ತಲೆಯೊಳಗೆ ರಕ್ತಸ್ರಾವ ಆಗಿದೆ ಎಂದು ಡಾಕ್ಟರ್ ಹೇಳಿದ ತಕ್ಷಣ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ‘ಮಗು ನಡೆಯುತ್ತಾ?’. ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ‘ಈಗಲೇ ಹೇಳೋಕೆ ಆಗಲ್ಲ, ಕಾದು ನೋಡೋಣ.’ ನನ್ನ ಮಗ 28ನೇ ವಾರದಲ್ಲಿ ಹುಟ್ಟಿದವನು. ಈಗ ಸ್ಕೂಲಿಗೆ ಹೋಗುತ್ತಾನೆ, ವಾಕರ್ ಹಿಡಿದು ನಡೆಯುತ್ತಾನೆ, ಬಾಯಿ ಮಾತ್ರ ಯಾವ ವಾಕರ್ ಇಲ್ಲದೆ ಓಡುತ್ತದೆ. ಅವನಿಗಿರುವುದು ಸ್ಪಾಸ್ಟಿಕ್ ಡೈಪ್ಲೀಜಿಯಾ, ಅಂದರೆ ಎರಡೂ ಕಾಲುಗಳಲ್ಲಿ ಬಿಗಿತ ಜಾಸ್ತಿ ಇರುವ ಸೆರೆಬ್ರಲ್ ಪಾಲ್ಸಿ. ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಮೈಯ ಚಲನೆಗೆ ಬರುವ ತೊಂದರೆ ಇದು, ಚಿಕ್ಕದಾಗಿ ಸಿಪಿ. ಆ ಉತ್ತರದ ಮೊದಲ ಅರ್ಧದ ಬಗ್ಗೆ ನನಗೆ ತಕರಾರಿಲ್ಲ. ಅದು ಪ್ರಾಮಾಣಿಕವಾದ ಮಾತು. ತಕರಾರಿರುವುದು ಎರಡನೇ ಅರ್ಧದ ಬಗ್ಗೆ. ನೋಡೋಣ ಸರಿ, ಆದರೆ ಕೈಕಟ್ಟಿ ಯಾಕೆ ಕಾಯಬೇಕು?

ಮೊದಲು ಆ ಪುಟ್ಟ ತಲೆಯೊಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ರಿಪೋರ್ಟಿನಲ್ಲಿ ಬರೆದದ್ದು ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು. ಯಾರೂ ಕೂತು ಬಿಡಿಸಿ ಹೇಳಲಿಲ್ಲ.

37 ವಾರಕ್ಕೆ ಮುಂಚೆ ಹುಟ್ಟಿದರೆ ಅವಧಿಪೂರ್ವ ಹೆರಿಗೆ. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ, ಹತ್ತು ಮಕ್ಕಳಲ್ಲಿ ಒಂದು. ಇವರಲ್ಲಿ ಹೆಚ್ಚಿನವರು 32 ವಾರ ದಾಟಿದವರು, ಅವರಿಗೆ ಮಿದುಳಿನ ಅಪಾಯ ಕಡಿಮೆ. ವಾರ ಹಿಂದೆ ಹೋದಷ್ಟೂ ಅಪಾಯ ಏರುತ್ತದೆ. ಯಾಕೆಂದರೆ ಮಿದುಳಿನೊಳಗೆ ವೆಂಟ್ರಿಕಲ್ ಎಂಬ, ದ್ರವ ತುಂಬಿದ ಖಾಲಿ ಜಾಗಗಳಿವೆ. ಅವುಗಳ ಗೋಡೆಯ ಪಕ್ಕದಲ್ಲೇ ಜರ್ಮಿನಲ್ ಮ್ಯಾಟ್ರಿಕ್ಸ್ ಎಂಬ ಪದರ ಇರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಬೇಕಾದ ಹೊಸ ಕೋಶಗಳು ಹುಟ್ಟುವ ಜಾಗ ಅದು. ತುಂಬಾ ರಕ್ತ ಬೇಕು, ಆದರೆ ರಕ್ತನಾಳಗಳು ಬಹಳ ತೆಳು, ಸುತ್ತ ಆಸರೆಯೂ ಕಡಿಮೆ. ಮಗು ಗರ್ಭದಲ್ಲೇ ಇದ್ದಿದ್ದರೆ ಸುಮಾರು 34 ವಾರದ ಹೊತ್ತಿಗೆ ಈ ಪದರ ತನ್ನ ಕೆಲಸ ಮುಗಿಸಿ ಇಲ್ಲವಾಗುತ್ತಿತ್ತು. ಯಾರಿಗೂ ಅದರ ಹೆಸರೇ ಗೊತ್ತಾಗುತ್ತಿರಲಿಲ್ಲ. ಆದರೆ ಮಗು 26 ಅಥವಾ 28 ವಾರಕ್ಕೆ ಹೊರಗೆ ಬಂದರೆ, ಉಸಿರಾಟದ ಏರುಪೇರು, ರಕ್ತದೊತ್ತಡದ ಏರುಪೇರು, ಇಂಗಾಲದ ಡೈಆಕ್ಸೈಡಿನ ಏರುಪೇರು ಎಲ್ಲವೂ ನೇರವಾಗಿ ಆ ತೆಳು ನಾಳಗಳನ್ನೇ ತಟ್ಟುತ್ತವೆ. ಮಿದುಳಿಗೆ ಹೋಗುವ ರಕ್ತವನ್ನು ಹದದಲ್ಲಿಡುವ ಶಕ್ತಿ ಆ ಮಕ್ಕಳಿಗೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ನಾಳ ಒಡೆಯುತ್ತದೆ. ಬಹುಪಾಲು ರಕ್ತಸ್ರಾವ ಆಗುವುದು ಹುಟ್ಟಿದ ಮೊದಲ 72 ಗಂಟೆಗಳಲ್ಲಿ.

ಅದನ್ನು ನೋಡುವುದು ನೆತ್ತಿಯ ಮೂಲಕ. ಮೂಳೆ ಇನ್ನೂ ಕೂಡಿಕೊಳ್ಳದ ಆ ಮೆತ್ತನೆಯ ಜಾಗದ ಮೇಲೆ ಅಲ್ಟ್ರಾಸೌಂಡ್ ಇಟ್ಟರೆ ಒಳಗಿನದು ಕಾಣುತ್ತದೆ, ಮಗುವನ್ನು ಇನ್‌ಕ್ಯುಬೇಟರಿನಿಂದ ಎತ್ತುವ ಅಗತ್ಯವೂ ಇಲ್ಲ. ರಿಪೋರ್ಟಿನಲ್ಲಿ ಬರುವ ಗ್ರೇಡ್ 1, 2, 3, 4 ಎಂಬ ಲೆಕ್ಕ ಶುರುವಾದದ್ದು 1978ರಲ್ಲಿ. ಲು-ಆನ್ ಪೆಪೈಲ್ ಮತ್ತು ಜೊತೆಗಾರರು 1500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ಸಿಟಿ ಸ್ಕ್ಯಾನ್ ನೋಡಿ ಮಾಡಿದ ವಿಂಗಡಣೆ ಅದು. ರಕ್ತ ಆ ಪದರದಲ್ಲೇ ನಿಂತರೆ ಒಂದು, ವೆಂಟ್ರಿಕಲ್ ಒಳಗೆ ಬಂದರೆ ಎರಡು, ವೆಂಟ್ರಿಕಲ್ ಉಬ್ಬುವಷ್ಟು ತುಂಬಿದರೆ ಮೂರು. ನಾಲ್ಕನೆಯದು ಮೂರರ ಮುಂದುವರಿಕೆ ಅಂತ ಬಹಳ ದಿನ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ ಗೊತ್ತಾಯಿತು, ಅದು ಬೇರೆಯದೇ ಘಟನೆ. ರಕ್ತ ಹೆಪ್ಪುಗಟ್ಟಿ ಪಕ್ಕದ ಸಿರೆಗಳ ದಾರಿ ಮುಚ್ಚಿ, ಆ ಭಾಗದ ಮಿದುಳು ಸಾಯುವುದು. ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಆಗುತ್ತದೆ, ಹಾಗಾಗಿ ಮುಂದೆ ಸಿಪಿ ಬಂದರೆ ದೇಹದ ಒಂದೇ ಪಕ್ಕದ ಕೈಕಾಲಿಗೆ ಬರುತ್ತದೆ. ನಾಲ್ಕು ಎಂದ ಕೂಡಲೇ ಎಲ್ಲ ಮುಗಿಯಿತು ಅಂತ ಕೂತವರನ್ನು ನೋಡಿದ್ದೇನೆ. ಅವರ ಮಕ್ಕಳಲ್ಲಿ ಕೆಲವರು ಇವತ್ತು ಸ್ವಲ್ಪ ಕುಂಟುತ್ತಾ ಓಡುತ್ತಾರೆ. ಒಂದು ಅಥವಾ ಎರಡು ಅಂದರೆ ಹೆಚ್ಚಿನ ಮಕ್ಕಳಿಗೆ ಸಿಪಿ ಬರುವುದೇ ಇಲ್ಲ.

ನನ್ನ ಮಗನಿಗೆ ಗ್ರೇಡ್ 2 ಇತ್ತು. ‘ಚಿಂತೆ ಬೇಡ’ ಅಂದರು. ಹಾಗಾದರೆ ಡೈಪ್ಲೀಜಿಯಾ ಎಲ್ಲಿಂದ ಬಂತು?

ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೆಸರಿದೆ, ನಂಬರ್ ಇದೆ, ಹಾಗಾಗಿ ಎಲ್ಲರ ಗಮನ ಅದರ ಮೇಲೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಸಿಪಿಗೆ ಜಾಸ್ತಿ ಕಾರಣವಾಗುವುದು ಇನ್ನೊಂದು, ವೈಟ್ ಮ್ಯಾಟರ್ ಪೆಟ್ಟು, ಅಂದರೆ ಮಿದುಳಿನೊಳಗೆ ನರತಂತುಗಳು ಹಾದುಹೋಗುವ ಭಾಗಕ್ಕೆ ಬೀಳುವ ಪೆಟ್ಟು. ಪೆರಿವೆಂಟ್ರಿಕ್ಯುಲರ್ ಲ್ಯೂಕೋಮಲೇಶಿಯಾ ಎಂಬ ಉದ್ದ ಹೆಸರು, ಎಲ್ಲರೂ ಪಿವಿಎಲ್ ಅಂತಾರೆ. 1962ರಲ್ಲಿ ಬ್ಯಾಂಕರ್ ಮತ್ತು ಲರೋಶ್ ಎಂಬ ಇಬ್ಬರು ವೈದ್ಯೆಯರು ಇದನ್ನು ಸ್ಪಷ್ಟವಾಗಿ ವಿವರಿಸಿದರು. ಮಿದುಳಿನಿಂದ ಬೆನ್ನುಹುರಿಗೆ ಹೋಗುವ ನರತಂತುಗಳಿಗೆ, ಕರೆಂಟ್ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ, ಮೈಲಿನ್ ಎಂಬ ಹೊದಿಕೆ ಬೇಕು. ಆ ಹೊದಿಕೆ ತಯಾರಿಸಬೇಕಾದ ಕೋಶಗಳು 23ರಿಂದ 32 ವಾರದ ನಡುವೆ ಎಳೆಯ ಹಂತದಲ್ಲಿರುತ್ತವೆ. ರಕ್ತದ ಕೊರತೆ, ಆಮ್ಲಜನಕದ ಕೊರತೆ, ಸೋಂಕಿನಿಂದ ಬರುವ ಉರಿಯೂತ, ಯಾವುದನ್ನೂ ಅವು ತಡೆದುಕೊಳ್ಳುವುದಿಲ್ಲ. ತಾಯಿಯ ಗರ್ಭಕೋಶದ ಸೋಂಕು ಆಗಿರಬಹುದು, ಹುಟ್ಟಿದ ಮೇಲೆ ಮೈಯೆಲ್ಲ ಹರಡುವ ಸೆಪ್ಸಿಸ್ ಎಂಬ ಸೋಂಕು ಆಗಿರಬಹುದು, ಕರುಳಿನ ಸೋಂಕು ಆಗಿರಬಹುದು.

ಮತ್ತೆ, ಇದು ತಕ್ಷಣ ಕಾಣುವುದಿಲ್ಲ. ಪೆಟ್ಟು ಬಿದ್ದು ಎರಡರಿಂದ ನಾಲ್ಕು ವಾರವಾದ ಮೇಲೆ ಅಲ್ಲಿ ಸಣ್ಣ ಸಣ್ಣ ನೀರ್ಗುಳ್ಳೆಗಳು ಕಾಣಿಸಬಹುದು. ಹಾಗಾಗಿ ಮೊದಲ ವಾರದ ಸ್ಕ್ಯಾನ್ ಚೆನ್ನಾಗಿದೆ ಅಂತ ಅಲ್ಲಿಗೇ ನಿಲ್ಲಿಸಬಾರದು. ಇತ್ತೀಚೆಗೆ ಗುಳ್ಳೆ ಬರುವಂಥ ದೊಡ್ಡ ಪೆಟ್ಟು ಕಡಿಮೆಯಾಗಿದೆ, ಹರಡಿಕೊಂಡ ಸೂಕ್ಷ್ಮ ಪೆಟ್ಟು ಉಳಿದಿದೆ, ಅದು ಅಲ್ಟ್ರಾಸೌಂಡಿನಲ್ಲಿ ತಪ್ಪಿಹೋಗಬಹುದು. ಪೂರ್ಣಾವಧಿಯ ದಿನಾಂಕದ ಹೊತ್ತಿಗೆ ಎಂಆರ್‌ಐ ಮಾಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಎಲ್ಲ ಸ್ಕ್ಯಾನೂ ಸಹಜ ಇದ್ದು ಸಿಪಿ ಬಂದ ಮಕ್ಕಳೂ ಇದ್ದಾರೆ.

ಕಾಲಿಗೇ ಯಾಕೆ ಅಂತ ಮಗ ಒಂದು ಸಲ ಕೇಳಿದ. ಕಾಲನ್ನು ಆಡಿಸುವ ತಂತುಗಳು ವೆಂಟ್ರಿಕಲ್‌ಗೆ ತೀರಾ ಹತ್ತಿರದಿಂದ ಹಾದುಹೋಗುತ್ತವೆ, ಕೈಯವು ಸ್ವಲ್ಪ ದೂರ, ಮುಖದ್ದು ಇನ್ನೂ ದೂರ ಅಂತ ಚಿತ್ರ ಬರೆದು ತೋರಿಸಿದೆ. ‘ಅಂದ್ರೆ ನನ್ನ ಕಾಲು ಚೆನ್ನಾಗೇ ಇದೆ, ರೋಡ್ ಸರಿ ಇಲ್ಲ’ ಅಂದ. ಭಾಗಶಃ ಸರಿ. ಪೂರ್ತಿ ಸರಿ ಯಾಕಲ್ಲ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಇನ್ನು, ತಪ್ಪು ಯಾರದು ಎಂಬ ಪ್ರಶ್ನೆ. ಇದು ಯಾವ ಮನೆಯನ್ನೂ ಬಿಡುವುದಿಲ್ಲ. ಜಾಸ್ತಿ ಓಡಾಡಿದೆ, ಭಾರ ಎತ್ತಿದೆ, ರಜೆ ಹಾಕಲಿಲ್ಲ, ಹೀಗೆ ತಾಯಿಯ ಮೇಲೆ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಇಲ್ಲದಿದ್ದರೆ ಹೆರಿಗೆ ಮಾಡಿಸಿದ ಡಾಕ್ಟರ್ ಮೇಲೆ. ಈ ಜಗಳಕ್ಕೆ 150 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಎಂಬ ಸರ್ಜನ್, ಬಾಲ್ಯದಲ್ಲಿ ಪೋಲಿಯೋ ಬಂದು ತಾವೇ ಕಾಲಿನ ತೊಂದರೆ ಅನುಭವಿಸಿದವರು, 1862ರಲ್ಲಿ ಕಷ್ಟದ ಹೆರಿಗೆ, ಅವಧಿಪೂರ್ವ ಜನನ, ಹುಟ್ಟುವಾಗ ಉಸಿರು ಕಟ್ಟುವುದು ಇವಕ್ಕೂ ಮಕ್ಕಳ ಕೈಕಾಲು ಬಿಗಿತಕ್ಕೂ ನಂಟಿದೆ ಎಂದು ಬರೆದರು. ಆಗ ಇದನ್ನು ಲಿಟಲ್ ಕಾಯಿಲೆ ಅಂತಲೇ ಕರೆಯುತ್ತಿದ್ದರು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡ್ (ಹೌದು, ಅವರೇ, ಮನೋವಿಶ್ಲೇಷಣೆಗೆ ಮುಂಚೆ ಅವರು ನರರೋಗದ ವೈದ್ಯರು) ತಿರುಗಿಸಿ ಕೇಳಿದರು. ಹೆರಿಗೆ ಕಷ್ಟವಾದದ್ದೇ ಗರ್ಭದಲ್ಲಿ ಮೊದಲೇ ಆಗಿದ್ದ ತೊಂದರೆಯ ಲಕ್ಷಣ ಯಾಕಾಗಿರಬಾರದು? ಅದನ್ನು ಯಾರೂ ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. 1986ರಲ್ಲಿ ಅಮೆರಿಕದ ಕ್ಯಾರಿನ್ ನೆಲ್ಸನ್ ಮತ್ತು ಜೋನಸ್ ಎಲೆನ್‌ಬರ್ಗ್ ಹತ್ತಾರು ಸಾವಿರ ಹೆರಿಗೆಗಳ ದಾಖಲೆ ಹಿಡಿದು ಲೆಕ್ಕ ಹಾಕಿದಾಗ, ಹುಟ್ಟುವ ಹೊತ್ತಿನ ಉಸಿರುಕಟ್ಟುವಿಕೆಯಿಂದ ವಿವರಿಸಬಹುದಾದ ಸಿಪಿ ಸ್ವಲ್ಪವೇ ಎಂದು ಗೊತ್ತಾಯಿತು. ಅಂದಹಾಗೆ, ಸಿಪಿ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ಣಾವಧಿಗೆ ಹುಟ್ಟಿದವರೇ.

ಬಸುರಿಯಾಗಿದ್ದಾಗ ಕಚೇರಿಯ ಮೆಟ್ಟಿಲು ಹತ್ತಿದ್ದಕ್ಕೆ ಮಿದುಳಿನ ಕೋಶ ಸಾಯುವುದಿಲ್ಲ. ಇದನ್ನು ಯಾವುದಾದರೂ ತಾಯಿ ಓದುತ್ತಿದ್ದರೆ, ಆ ಒಂದು ಸಾಲನ್ನು ಇನ್ನೊಂದು ಸಲ ಓದಿ.

ತಡೆಯಲು ಆಗುವುದು ಏನೂ ಇಲ್ಲವೇ? ಇದೆ, ಸಾಕಷ್ಟಿದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ, ಬೇಗ ಹೆರಿಗೆ ಆಗಲಿರುವ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಸಿದ್ಧವಾಗುತ್ತದೆ ಎಂದು ತೋರಿಸಿದರು. ಮಿದುಳಿನ ರಕ್ತಸ್ರಾವವೂ ಅದರಿಂದ ಕಡಿಮೆಯಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್‌ನ ಕಥೆ ನನಗೆ ಇನ್ನೂ ಇಷ್ಟ. ಬೇರೆ ಕಾರಣಕ್ಕೆ, ಅಂದರೆ ರಕ್ತದೊತ್ತಡದ ಫಿಟ್ಸ್ ತಡೆಯಲು ಅಥವಾ ಹೆರಿಗೆ ನೋವು ಮುಂದೂಡಲು, ಈ ಅಗ್ಗದ ಔಷಧಿ ಪಡೆದ ತಾಯಂದಿರ ಪುಟ್ಟ ಮಕ್ಕಳಲ್ಲಿ ಸಿಪಿ ಕಡಿಮೆ ಇರುವುದನ್ನು 1995ರಲ್ಲಿ ಅದೇ ನೆಲ್ಸನ್ ಮತ್ತು ಜುಡಿತ್ ಗ್ರೆದರ್ ಗಮನಿಸಿದರು. ಆಮೇಲೆ ದೊಡ್ಡ ಪ್ರಯೋಗಗಳು ನಡೆದು, ಸಿಪಿಯ ಅಪಾಯ ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ ಎಂದು ಖಚಿತವಾಯಿತು. ಹುಟ್ಟಿದ ಮೇಲೆ ಉಸಿರು ನಿಲ್ಲುವುದನ್ನು ತಡೆಯಲು ಕೊಡುವ ಕೆಫೀನ್ ಕೂಡ 2007ರ ವರದಿಯಲ್ಲಿ ಸಿಪಿಯನ್ನು 7.3 ಶೇಕಡಾದಿಂದ 4.4ಕ್ಕೆ ಇಳಿಸಿತ್ತು. ಉಲ್ಟಾ ಪಾಠವೂ ಇದೆ. 1990ರ ದಶಕದಲ್ಲಿ ವೆಂಟಿಲೇಟರಿನಿಂದ ಬೇಗ ಬಿಡಿಸಲು ಮಗುವಿಗೇ ಹುಟ್ಟಿದ ಮೊದಲ ದಿನಗಳಲ್ಲಿ ಜಾಸ್ತಿ ಡೋಸಿನ ಡೆಕ್ಸಾಮೆಥಸೋನ್ ಕೊಡುತ್ತಿದ್ದರು, ಶ್ವಾಸಕೋಶಕ್ಕೆ ಒಳ್ಳೆಯದಾಯಿತು, ಸಿಪಿ ಹೆಚ್ಚಾಯಿತು, ಆಮೇಲೆ ಆ ರೂಢಿ ಬಿಟ್ಟರು. ತಾಯಿಗೆ ಕೊಟ್ಟರೆ ಕಾಪಾಡುವ ಜಾತಿಯ ಔಷಧಿ ಮಗುವಿಗೆ ಕೊಟ್ಟರೆ ಕೆಡಿಸಬಹುದು. ಇಂಥದ್ದನ್ನು ತರ್ಕದಿಂದ ಊಹಿಸಲು ಆಗುವುದಿಲ್ಲ, ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿಯೇ ತಿಳಿಯಬೇಕು.

ಶ್ರೀಮಂತ ದೇಶಗಳಲ್ಲಿ ಸಾವಿರಕ್ಕೆ 2 ಇದ್ದ ಸಿಪಿ ಈಗ 1.6ರ ಹತ್ತಿರ ಬಂದಿದೆ. ಅಂದರೆ ಇದು ಹಣೆಬರಹ ಅಂತೂ ಅಲ್ಲ.

ಈಗ ಕಾಯುವ ವಿಷಯಕ್ಕೆ ಬರೋಣ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ತಿಂಗಳುಗಳು ವಿಚಿತ್ರವಾಗಿರುತ್ತವೆ. ಮಗು ಬದುಕಿತು ಎಂಬ ಸಂತೋಷ ಎಷ್ಟು ದೊಡ್ಡದೆಂದರೆ ಬೇರೇನಾದರೂ ಕೇಳುವುದೇ ಕೃತಘ್ನತೆ ಅನಿಸುತ್ತದೆ. ಕರೆಕ್ಟೆಡ್ ವಯಸ್ಸು ಎಂಬ ಲೆಕ್ಕ ಬೇರೆ. ಮೂರು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಕ್ಯಾಲೆಂಡರ್ ಪ್ರಕಾರ ಆರು ತಿಂಗಳಾದರೂ, ಬೆಳವಣಿಗೆ ಅಳೆಯುವಾಗ ಮೂರು ತಿಂಗಳು ಅಂತಲೇ ಹಿಡಿಯಬೇಕು. ಲೆಕ್ಕ ಸರಿಯೇ. ಆದರೆ ಅದು ನೆಪವೂ ಆಗಿಬಿಡುತ್ತದೆ. ಮಗು ಕತ್ತು ನಿಲ್ಲಿಸಲಿಲ್ಲವೇ, ‘ಬೇಗ ಹುಟ್ಟಿದ್ದಲ್ವಾ, ನಿಧಾನ ಅಷ್ಟೇ’. ಮುಷ್ಟಿ ಬಿಚ್ಚುವುದಿಲ್ಲವೇ, ‘ಗಟ್ಟಿ ಹಿಡಿತ ನೋಡಿ’. ಡೈಪರ್ ಬದಲಿಸುವಾಗ ಕಾಲು ಅಗಲಿಸಲು ಬಿಡುವುದಿಲ್ಲವೇ, ‘ಶಕ್ತಿವಂತ’. ನಮಗೆ ಗೊತ್ತಿದ್ದ ಒಬ್ಬ ಡಾಕ್ಟರ್ ಕೂಡ ‘ಸುಮ್ನೆ ಗೂಗಲ್ ಮಾಡಬೇಡಿ, ಒಂದೂವರೆ ವರ್ಷಕ್ಕೆ ನೋಡೋಣ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

ಆದರೆ ಒಂದೂವರೆ ವರ್ಷ ಕಾಯಬೇಕಾಗಿಲ್ಲ. ಇದು ಹೊಸ ಸಂಗತಿಯೂ ಅಲ್ಲ. ಹೈಂಜ್ ಪ್ರೆಕ್ಟಲ್ ಎಂಬ ವೈದ್ಯರು ಎಳೆಯ ಮಕ್ಕಳು ಸುಮ್ಮನೆ ಮಲಗಿದ್ದಾಗ ತಾವಾಗಿಯೇ ಮಾಡುವ ಚಲನೆಗಳನ್ನು ವೀಡಿಯೋ ಹಿಡಿದು ನೋಡುತ್ತಾ ಹೋದರು. ಕರೆಕ್ಟೆಡ್ ವಯಸ್ಸು ಮೂರರಿಂದ ಐದು ತಿಂಗಳಿರುವಾಗ ಆರೋಗ್ಯವಂತ ಮಗು ಕತ್ತು, ಮೈ, ಮಣಿಕಟ್ಟು, ಪಾದ ಎಲ್ಲವನ್ನೂ ಸಣ್ಣದಾಗಿ, ಎಲ್ಲ ದಿಕ್ಕಿಗೂ, ಬಿಡದೆ ಆಡಿಸುತ್ತಿರುತ್ತದೆ. ಫಿಜೆಟಿ ಚಲನೆ ಅಂತಾರೆ. 1997ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದಲ್ಲಿ 130 ಮಕ್ಕಳಿದ್ದರು. ಈ ಚಲನೆ ಸಹಜವಾಗಿದ್ದ 70 ಮಕ್ಕಳಲ್ಲಿ 67 ಮಂದಿ ಮುಂದೆ ಸಹಜವಾಗಿ ಬೆಳೆದರು. ಅದು ಇಲ್ಲದ ಅಥವಾ ಅಸಹಜವಾಗಿದ್ದ 60ರಲ್ಲಿ 57 ಮಂದಿಗೆ ನರಸಂಬಂಧಿ ತೊಂದರೆ ಬಂತು, ಅವರಲ್ಲಿ ಹೆಚ್ಚಿನವರಿಗೆ ಸಿಪಿ. ಮಗುವಿಗೆ ಸೂಜಿ ಇಲ್ಲ, ನಿದ್ದೆ ಬರಿಸುವ ಔಷಧಿಯೂ ಇಲ್ಲ. ಬೆನ್ನ ಮೇಲೆ ಮಲಗಿಸಿ, ಎಚ್ಚರವಾಗಿ ಸಮಾಧಾನದಲ್ಲಿರುವಾಗ, ಆಟಿಕೆ ತೋರಿಸದೆ, ಮಾತಾಡಿಸದೆ, ಕೆಲವು ನಿಮಿಷ ವೀಡಿಯೋ. ಅಷ್ಟೇ. 2017ರಲ್ಲಿ ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮುಂದಾಳಾಗಿ ಬರೆದ ಲೇಖನ ಈ ವೀಡಿಯೋ, ಹ್ಯಾಮರ್‌ಸ್ಮಿತ್ ಎಂಬ ನರ ಪರೀಕ್ಷೆ, ಎಂಆರ್‌ಐ ಮೂರನ್ನೂ ಸೇರಿಸಿದರೆ ಕರೆಕ್ಟೆಡ್ ಆರು ತಿಂಗಳೊಳಗೇ ಸಿಪಿ ಅಥವಾ ‘ಸಿಪಿಯ ಅಪಾಯ ಹೆಚ್ಚು’ ಎಂದು ಹೇಳಬಹುದು, ಹೇಳಬೇಕು ಎಂದಿತು.

‘ತಪ್ಪಾಗಿ ಹೇಳಿ ಹೆದರಿಸಿದರೆ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅಪಾಯ ಹೆಚ್ಚು ಎಂದು ಹೇಳಿ ಥೆರಪಿ ಶುರು ಮಾಡಿ, ಆಮೇಲೆ ಏನೂ ಇಲ್ಲ ಅಂತಾದರೆ, ಕಳೆದುಕೊಂಡದ್ದು ಕೆಲವು ತಿಂಗಳ ನೆಮ್ಮದಿ. ಹೇಳದೇ ಇದ್ದರೆ ಹೋಗುವುದು ಮಿದುಳು ಅತಿ ವೇಗವಾಗಿ ಹೊಸ ದಾರಿ ಹುಡುಕಿಕೊಳ್ಳುವ ಕಾಲ. ಒಂದು ಪಕ್ಕದ ಸಿಪಿ ಇರುವ ಮಗು ಆ ಕೈಯನ್ನು ಬಳಸದೇ ಬಿಟ್ಟರೆ, ಆ ಕೈಯ ದಾರಿ ಮಿದುಳಿನಲ್ಲಿ ಇನ್ನಷ್ಟು ಸೊರಗುತ್ತದೆ. ಒಂದು ವರ್ಷಕ್ಕೆ ಮುಂಚೆಯೇ ಮಗು ಎಡಚ ಅಥವಾ ಬಲಚ ಅನಿಸಿದರೆ ಖುಷಿಪಡಬೇಡಿ, ಇನ್ನೊಂದು ಕೈಯನ್ನು ಡಾಕ್ಟರಿಗೆ ತೋರಿಸಿ. ಅಪ್ಪ ಅಮ್ಮನ ಮನಸ್ಸಿನ ಮಾತು ಹೇಳಬೇಕೆಂದರೆ, ನಮಗೆ ಹೇಗಿದ್ದರೂ ಗೊತ್ತಿರುತ್ತದೆ. ಹೇಳದೇ ಇದ್ದರೆ ಹೆದರಿಕೆ ಕಡಿಮೆಯಾಗುವುದಿಲ್ಲ, ಅದನ್ನು ಒಬ್ಬರೇ ಹೊರಬೇಕಾಗುತ್ತದೆ ಅಷ್ಟೇ.

ಥೆರಪಿ ಎಂದರೆ ಏನು ಅನ್ನುವುದೂ ಬದಲಾಗಿದೆ. ಮೊದಲು ಮಗುವನ್ನು ಮಲಗಿಸಿ ಯಾರೋ ಕಾಲು ಎಳೆಯುವುದು, ಮಡಚುವುದು, ತಿಕ್ಕುವುದು. ಮಗು ಅಳುವುದು. ಹಾಗೆ ಬೇರೆಯವರು ಸುಮ್ನೆ ಎಳೆದರೆ ಮಗುವಿನ ಚಲನೆಯೇನೂ ಸುಧಾರಿಸುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಕೆಲಸಕ್ಕೆ ಬರುವುದು ಮಗು ತಾನೇ, ತನಗೆ ಬೇಕಾದ ಒಂದು ಕೆಲಸಕ್ಕಾಗಿ, ಮತ್ತೆ ಮತ್ತೆ ಮೈ ಆಡಿಸುವುದು. ದೂರದ ಆಟಿಕೆ ಹಿಡಿಯಲು ಮಗ್ಗುಲು ತಿರುಗುವುದು, ಸ್ಟೂಲ್ ಹಿಡಿದು ಎದ್ದು ನಿಲ್ಲುವುದು. ಇದು ಮನೆಯಲ್ಲೇ ದಿನವಿಡೀ ನಡೆಯಬೇಕು. ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗಿ ಬಂದರೆ ಸಾಲದು.

ಇನ್ನು ಪವಾಡ ಮಾರುವವರು. ಸಿಪಿ ಇರುವ ಮಗುವಿನ ಫೋಟೋ ಒಂದು ಸಲ ಇಂಟರ್ನೆಟ್ಟಿಗೆ ಹೋದರೆ ಸಾಕು, ಸ್ಟೆಮ್ ಸೆಲ್, ಒತ್ತಡದ ಆಮ್ಲಜನಕ (ಗಾಳಿಯ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೊಡುವುದು), ಏನೇನೋ ಬರುತ್ತವೆ. ಒತ್ತಡದ ಆಮ್ಲಜನಕವನ್ನು ಕೆನಡಾದಲ್ಲಿ 111 ಮಕ್ಕಳ ಮೇಲೆ ಸರಿಯಾಗಿ ಪರೀಕ್ಷಿಸಿದರು, 2001ರಲ್ಲಿ ಪ್ರಕಟವಾಯಿತು. ಆಮ್ಲಜನಕ ಪಡೆದವರೂ, ಸ್ವಲ್ಪವೇ ಒತ್ತಡದ ಬರಿ ಗಾಳಿ ಪಡೆದವರೂ ಒಂದೇ ರೀತಿ ಸುಧಾರಿಸಿದ್ದರು. ಇಪ್ಪತ್ತು ವರ್ಷಕ್ಕೂ ಮೇಲಾಗಿದೆ, ಮಾರಾಟ ನಿಂತಿಲ್ಲ.

ಮಗನ ‘ರೋಡ್’ ಮಾತಿಗೆ ವಾಪಸ್. ಮಿದುಳಿನ ಪೆಟ್ಟು ಬೆಳೆಯುವುದಿಲ್ಲ, ಅದು ಆದಷ್ಟೇ. ಆದರೆ ಮೈ ಬೆಳೆಯುತ್ತದೆ. ಮೂಳೆ ಉದ್ದವಾದಷ್ಟು ವೇಗದಲ್ಲಿ ಬಿಗಿಯಾದ ಸ್ನಾಯು ಉದ್ದವಾಗುವುದಿಲ್ಲ, ಹಾಗಾಗಿ ಕಾಲಿಗೂ ತೊಂದರೆ ಬರುತ್ತದೆ. ಸಿಪಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುತ್ತದೆ, ಅದೂ ಮೊದಮೊದಲು ನೋವಿಲ್ಲದೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಎಲ್ಲ ಸಿಪಿ ಮಕ್ಕಳ ಸೊಂಟದ ಎಕ್ಸ್-ರೇಯನ್ನು ಕ್ರಮವಾಗಿ ತೆಗೆಯುತ್ತಾ ಬಂದು, ಕೀಲು ಪೂರ್ತಿ ತಪ್ಪುವುದನ್ನು ಬಹುತೇಕ ನಿಲ್ಲಿಸಿದ್ದಾರೆ. ಮಗು ನಡೆಯುವ ಮಟ್ಟವನ್ನು ಒಂದರಿಂದ ಐದರವರೆಗೆ ಅಳೆಯುವ ಜಿಎಂಎಫ್‌ಸಿಎಸ್ ಎಂಬ ಅಳತೆ ಇದೆ, 1997ರಲ್ಲಿ ಕೆನಡಾದಲ್ಲಿ ಮಾಡಿದ್ದು. ನನ್ನ ಮಗ ಮೂರು. ಮೊದಲು ಆ ನಂಬರ್ ಕೇಳಿದಾಗ ಸಿಟ್ಟು ಬಂದಿತ್ತು, ಈಗ ಅದೇ ನಂಬರ್ ಹಿಡಿದು ಎಷ್ಟು ತಿಂಗಳಿಗೊಮ್ಮೆ ಎಕ್ಸ್-ರೇ ಬೇಕು ಅಂತ ಡಾಕ್ಟರ್ ಜೊತೆ ವಾದ ಮಾಡುತ್ತೇನೆ. ನೋವಿನ ಬಗ್ಗೆಯೂ ಕೇಳಿ. ನಾಲ್ವರಲ್ಲಿ ಮೂವರಿಗೆ ನೋವಿರುತ್ತದೆ, ಹೇಳಲು ಬಾರದ ಮಗು ಹಠ ಮಾಡುತ್ತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಹಾಗಾಗಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ (ಎನ್‌ಐಸಿಯು) ಮನೆಗೆ ಕಳಿಸುವಾಗ ಕೊಡುವ ಡಿಸ್ಚಾರ್ಜ್ ಕಾಗದದಲ್ಲಿ ತೂಕ, ಲಸಿಕೆ, ಕಣ್ಣಿನ ಪರೀಕ್ಷೆಯ ದಿನಾಂಕದ ಜೊತೆಗೆ ಚಲನೆಯ ವೀಡಿಯೋ ಯಾವ ವಾರದಲ್ಲಿ ತೆಗೆಯಬೇಕು, ಯಾರಿಗೆ ಕಳಿಸಬೇಕು ಎಂದು ಬರೆದಿರಬೇಕು ಅಂತ ನಾನು ಸಿಕ್ಕ ಸಿಕ್ಕ ಡಾಕ್ಟರಿಗೆಲ್ಲ ಹೇಳುತ್ತಿರುತ್ತೇನೆ. ಕೆಲವರು ಒಪ್ಪುತ್ತಾರೆ. ಇನ್ನು ಕೆಲವರು, ವೀಡಿಯೋ ಬಂದರೂ ನೋಡಿ ಹೇಳಲು ಕಲಿತವರು ನಮ್ಮಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ಕಲಿಸುವ ಕೋರ್ಸ್ ಇದೆ, ಕೆಲವೇ ದಿನಗಳದ್ದು, ಅಂತ ನಾನೂ ಬಿಡದೆ ಹೇಳುತ್ತೇನೆ.